ಚಾಳೀಸು ಆರಿಸುವ ಮೊದಲು

ಬಾಗಲಕೋಟೆಯ ನವನಗರದಲ್ಲಿ ಒಂದು ಭಾನುವಾರ ಸಂಜೆ ಚಷ್ಮಾ ಆರಿಸುವುದರ ಬಗ್ಗೆ ನಾನು ಆಡಿದ ಮಾತುಗಳಿವು. ಕೇಳಲು ಬಂದವರಲ್ಲಿ ಶಾಲೆಯ ಶಿಕ್ಷಕರು, ಇಳಕಲ್ ಕಡೆಯ ನೇಕಾರರು, ಕಾಲೇಜಿನ ಹುಡುಗಿಯರು, ನಿವೃತ್ತರು ಇದ್ದರು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಮುಖದ ಮೇಲೆ ಚಷ್ಮಾ ಇದೆ. ಇನ್ನೂ ಕೆಲವರದ್ದು ಬ್ಯಾಗಿನಲ್ಲಿದೆ. ಬಾಗಿಲಲ್ಲಿ ಕೊಟ್ಟ ಚೀಟಿಯನ್ನು ಕೈ ಚಾಚಿ ಹಿಡಿದು ಓದುತ್ತಿದ್ದವರನ್ನು ನಾನು ಗಮನಿಸಿದೆ. ಅವರಿಗೂ ಈ ಮಾತು ಬೇಕು.

ನನ್ನ ಅಜ್ಜಿ ಚಷ್ಮಾ ಅನ್ನುತ್ತಿರಲಿಲ್ಲ, ಕನ್ನಡಕ ಅಂತೂ ಅನ್ನುತ್ತಲೇ ಇರಲಿಲ್ಲ. ಆಕೆಗೆ ಅದು ಚಾಳೀಸು. "ನನ್ನ ಚಾಳೀಸು ಎಲ್ಲಿ ಇಟ್ಟೀರಿ?" ಅಂತ ಬೆಳಗಾದರೆ ಮನೆಮಂದಿಯನ್ನೆಲ್ಲ ಹುಡುಕೋಕೆ ಹಚ್ಚುತ್ತಿದ್ದಳು. ಮರಾಠಿಯಲ್ಲಿ ಚಾಳಿಶಿ ಅಂದರೆ ನಲವತ್ತರ ವಯಸ್ಸು. ಅದೇ ಮಾತಿಗೆ ಕನ್ನಡಕ ಅನ್ನುವ ಅರ್ಥವೂ ಇದೆ. ನಲವತ್ತು ತುಂಬಿತು, ಚಾಳೀಸು ಬಂತು. ಕಣ್ಣಿನ ಶಾಸ್ತ್ರ ಓದದ ಜನ ಎಷ್ಟು ಸರಿಯಾಗಿ ಹೆಸರಿಟ್ಟಿದ್ದಾರೆ ನೋಡಿ. ನಮ್ಮ ಕಣ್ಣಿನೊಳಗೆ ಒಂದು ಮಸೂರ ಇದೆ. ಚಿಕ್ಕ ವಯಸ್ಸಿನಲ್ಲಿ ಅದು ಮೆತ್ತಗಿರುತ್ತದೆ. ಹತ್ತಿರದ್ದು ನೋಡುವಾಗ ಉಬ್ಬುತ್ತದೆ, ದೂರದ್ದು ನೋಡುವಾಗ ಚಪ್ಪಟೆ ಆಗುತ್ತದೆ. ವಯಸ್ಸಾಗುತ್ತಾ ಅದು ಗಟ್ಟಿಯಾಗುತ್ತದೆ. ನಲವತ್ತರ ಆಸುಪಾಸಿನಲ್ಲಿ ಸೂಜಿಗೆ ದಾರ ಪೋಣಿಸುವಾಗ ಮೊದಲು ಗೊತ್ತಾಗುತ್ತದೆ. ಇದು ರೋಗ ಅಲ್ಲ. ಕೂದಲು ನರೆತ ಹಾಗೆ, ಎಲ್ಲರಿಗೂ ಬರುವಂಥದ್ದು.

ನಾನು 22 ವರ್ಷಗಳಿಂದ ಕಣ್ಣು ತಪಾಸಣೆ ಮಾಡಿ ಚಷ್ಮಾ ಕೊಡುತ್ತಿದ್ದೇನೆ. ಬಂದವರು ಮೊದಲು ಕೇಳುವುದು, "ನನ್ನ ಮುಖಕ್ಕೆ ಯಾವ ಫ್ರೇಮ್ ಒಪ್ಪುತ್ತದೆ?" ಅಂತ. ಕೇಳಬೇಕಾದ ಪ್ರಶ್ನೆಯೇ. ಚಷ್ಮಾ ಹಾಕಿಕೊಂಡು ಚಂದ ಕಾಣಬೇಕು ಅನ್ನುವ ಆಸೆಯಲ್ಲಿ ಯಾವ ತಪ್ಪೂ ಇಲ್ಲ. ದಿನಕ್ಕೆ 14-15 ತಾಸು ಮುಖದ ಮೇಲೆ ಇರುವ ವಸ್ತು ಅದು. ಆದರೆ ನಾನು ತಿರುಗಿ ಕೇಳುವ ಪ್ರಶ್ನೆ ಬೇರೆ. ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗೋ ತನಕ ಏನೇನು ಮಾಡ್ತೀರಿ? ಎಲ್ಲಿ ಕೂಡ್ತೀರಿ? ಕೈ ಎಲ್ಲಿರುತ್ತದೆ, ಕಣ್ಣು ಎಲ್ಲಿರುತ್ತದೆ?

ಯಾಕೆ ಹೀಗೆ ಕೇಳುತ್ತೇನೆ ಅಂತ ಒಂದು ಸಂಗತಿ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಇಳಕಲ್‌ನಿಂದ ಒಬ್ಬ ಹಿರಿಯ ನೇಕಾರರು ಬಂದಿದ್ದರು. ವಯಸ್ಸು ಅರವತ್ತರ ಹತ್ತಿರ. ಬೇರೆ ಕಡೆ ಹೊಸದಾಗಿ ಮಾಡಿಸಿದ ಬೈಫೋಕಲ್ ಹಾಕಿದ್ದರು, ಅಂದರೆ ಮೇಲೆ ದೂರಕ್ಕೆ, ಕೆಳಗೆ ಓದೋಕೆ ಅಂತ ಎರಡು ಭಾಗದ ಗ್ಲಾಸು. ತಪಾಸಣೆ ಮಾಡಿದೆ. ನಂಬರ್ ಸರಿಯಾಗಿಯೇ ಇತ್ತು. ಓದುವ ಹಲಗೆ ಕೈಗೆ ಕೊಟ್ಟೆ. ಎಲ್ಲಕ್ಕಿಂತ ಸಣ್ಣ ಅಕ್ಷರದ ಸಾಲನ್ನೂ ಸರಸರ ಓದಿದರು.

"ಮತ್ತ ತ್ರಾಸ್ ಏನೈತ್ರಿ ಕಾಕಾ?" ಅಂತ ಕೇಳಿದೆ.

"ದೂರದ್ದು ಕಾಣ್ತೈತಿ ತಂಗಿ. ಪೇಪರ್ ಓದಾಕೂ ಬರ್ತೈತಿ. ಮಗ್ಗದಾಗ ಕುಂತ್ರ ಮಾತ್ರ ಎಳಿ ಕಾಣಂಗಿಲ್ಲ. ಬಗ್ಗಿ ಬಗ್ಗಿ ಬೆನ್ನು ಹೋತು."

ಇಳಕಲ್ ಸೀರೆ ನೇಯುವುದನ್ನು ನೋಡಿದವರಿಗೆ ಕೊಂಡಿ ಅಂದರೆ ಗೊತ್ತು. ಮಗ್ಗದ ಮೇಲೆ ಉದ್ದಕ್ಕೆ ಕಟ್ಟಿದ ಎಳೆಗಳಿಗೆ ಹಾಸು ಅನ್ನುತ್ತಾರೆ. ಸೀರೆಯ ಮೈಗೆ ಒಂದು ಹಾಸು, ಸೆರಗಿಗೆ ಬೇರೆ ಹಾಸು. ಎರಡರ ಎಳೆಗಳನ್ನೂ ಒಂದಕ್ಕೊಂದು ಕುಣಿಕೆ ಹಾಕಿ ಕೂಡಿಸಬೇಕು. ಒಂದೊಂದೇ ಎಳೆ. ಒಂದು ತಪ್ಪಿದರೂ ಸೆರಗಿನಲ್ಲಿ ಎದ್ದು ಕಾಣುತ್ತದೆ.

"ಮಗ್ಗದಾಗ ಹೆಂಗ ಕೂಡ್ತೀರಿ, ತೋರ್ಸ್ರಿ" ಅಂದೆ. ಅವರು ಅಂಗಡಿಯ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂತರು, ಕುಣಿಮಗ್ಗದಲ್ಲಿ ಕೂತ ಹಾಗೇ. ಕಣ್ಣು ಮುಚ್ಚಿಕೊಂಡರು. ಕೈಗಳು ತಾವಾಗಿಯೇ ಮುಂದೆ ಹೋದವು. ಎಡಗೈ ಬೆರಳು ಗಾಳಿಯಲ್ಲೇ ಒಂದು ಎಳೆ ಹಿಡಿಯಿತು. ಬಲಗೈ ಬೆರಳು ಕುಣಿಕೆ ಹಾಕಿತು. ಇಲ್ಲದ ದಾರವನ್ನು ಅಷ್ಟು ಖಚಿತವಾಗಿ ಹಿಡಿದ ಆ ಬೆರಳುಗಳನ್ನು ನಾನು ಇವತ್ತಿಗೂ ಮರೆತಿಲ್ಲ. ಹುಬ್ಬಿನಿಂದ ಆ ಬೆರಳ ತುದಿಯ ತನಕ ಹೊಲಿಗೆ ದಾರ ಹಿಡಿದು ಅಳೆದೆ. 55 ಸೆಂಟಿಮೀಟರ್.

ಈಗ ಒಂದು ಸಣ್ಣ ಲೆಕ್ಕ. ಅವರಿಗೆ ದೂರದ ನಂಬರ್ ಇರಲಿಲ್ಲ. ಹತ್ತಿರದ್ದು ಪ್ಲಸ್ 2.50 ಇತ್ತು. ನೂರನ್ನು 2.50ರಿಂದ ಭಾಗಿಸಿ, 40 ಬರುತ್ತದೆ. ಅಂದರೆ ಆ ಗ್ಲಾಸಿನಲ್ಲಿ 40 ಸೆಂಟಿಮೀಟರ್ ದೂರದ್ದು ಚೊಕ್ಕ ಕಾಣುತ್ತದೆ. ಪೇಪರ್ ಹಿಡಿಯುವ ದೂರ ಅದು. ಮಗ್ಗ ಇರುವುದು 55ರಲ್ಲಿ. ಪಾಪ, 40ಕ್ಕೆ ಮುಖ ತರೋಕೆ ಅವರು ದಿನವಿಡೀ ಬಗ್ಗುತ್ತಿದ್ದರು. 1.75ರಿಂದ ಭಾಗಿಸಿದರೆ 57 ಬರುತ್ತದೆ. ಮಗ್ಗಕ್ಕೆ ಅಂತಲೇ 1.75ರ ಒಂದು ಚಷ್ಮಾ ಮಾಡಿಕೊಟ್ಟೆ. ಅರ್ಧ ಗ್ಲಾಸಲ್ಲ, ಪೂರ್ತಿ ಗ್ಲಾಸು. ವಯಸ್ಸು ಐವತ್ತೈದು ದಾಟಿದವರಿಗೆ ಈ ಲೆಕ್ಕ ಹೆಚ್ಚು ಕಡಿಮೆ ಸರಿ ಬರುತ್ತದೆ. ನಲವತ್ತೈದರವರಿಗೆ ಕಣ್ಣಿನ ಸ್ವಂತ ಶಕ್ತಿ ಇನ್ನೂ ಸ್ವಲ್ಪ ಉಳಿದಿರುತ್ತದೆ, ಅದನ್ನೂ ಹಿಡಿಯಬೇಕು. ದೂರದ ನಂಬರ್ ಇದ್ದವರಿಗೆ ಅದನ್ನೂ ಕೂಡಿಸಬೇಕು.

ತಿಂಗಳ ಮೇಲೆ ಅವರು ಮತ್ತೆ ಬಂದರು, ಮನೆಯವರನ್ನು ಕರೆದುಕೊಂಡು. ಆ ಅವ್ವ ಮನೆಯಲ್ಲೇ ದಾರ ಅಳೆದು ತಂದಿದ್ದರು. ದಾರಕ್ಕೆ ಎರಡು ಗಂಟು. ಒಂದು ಕಂಡಿಕೆ ಸುತ್ತುವ ರಾಟೆಗೆ, ಇನ್ನೊಂದು ಜೋಳ ಹಸನು ಮಾಡುವ ಮರಕ್ಕೆ. ಅವತ್ತಿನಿಂದ ನಾನು ಎಲ್ಲರಿಗೂ ಇದನ್ನೇ ಹೇಳುತ್ತೇನೆ. ಚಷ್ಮಾ ಮಾಡಿಸುವ ಮುಂಚೆ ನೀವು ಜಾಸ್ತಿ ಹೊತ್ತು ಕೂತು ಮಾಡುವ ಕೆಲಸದ ದೂರವನ್ನು ದಾರ ಹಿಡಿದು ಅಳೆಯಿರಿ. ಗಂಟು ಹಾಕಿ ಜೇಬಿನಲ್ಲಿಟ್ಟುಕೊಂಡು ಬನ್ನಿ. ಹೊಲಿಗೆ ಮಷಿನ್ನು, ಕಂಪ್ಯೂಟರ್, ಹಾರ್ಮೋನಿಯಂ, ರೊಟ್ಟಿ ಬಡಿಯುವ ಹಲಗೆ, ಯಾವುದಾದರೂ ಸರಿ.

ಕಂಪ್ಯೂಟರ್ ಮುಂದೆ ಕೂಡುವ ಬ್ಯಾಂಕಿನವರು, ಕಚೇರಿಯವರು ಬೈಫೋಕಲ್ ಹಾಕಿಕೊಂಡು ಗದ್ದ ಮೇಲೆತ್ತಿ ನೋಡುತ್ತಾರೆ. ಪರದೆ ಕಣ್ಣಿನ ನೇರಕ್ಕಿದೆ, ಹತ್ತಿರದ ನಂಬರ್ ಮಾತ್ರ ಗ್ಲಾಸಿನ ಕೆಳಗಿದೆ. ಕುತ್ತಿಗೆ ನೋವಿಗೆ ಎಷ್ಟೋ ಔಷಧ ಹಚ್ಚಿದ ಮೇಲೆ ನಮ್ಮ ಹತ್ತಿರ ಬರುತ್ತಾರೆ. ಬೈಫೋಕಲ್‌ನ ಇನ್ನೊಂದು ತೊಂದರೆ ಮೆಟ್ಟಿಲಿನದ್ದು. ಗೋಳಗುಮ್ಮಟದ ಮೂಲೆ ಗೋಪುರದ ಮೆಟ್ಟಿಲು ಇಳಿದವರು ನೆನಪಿಸಿಕೊಳ್ಳಿ. ಕಿರಿದು, ಕತ್ತಲು, ಕಡಿದಾದ ಮೆಟ್ಟಿಲು. ಕೆಳಗೆ ನೋಡಿದರೆ ಓದುವ ಗ್ಲಾಸು ಅಡ್ಡ ಬರುತ್ತದೆ, ಮೆಟ್ಟಿಲ ಅಂಚು ಮಸುಕಾಗುತ್ತದೆ. ವಯಸ್ಸಾದವರು ಹಾಗೆ ಇಳಿಯುವಾಗ ಕಣ್ಣನ್ನಲ್ಲ, ಗದ್ದವನ್ನು ಬಗ್ಗಿಸಬೇಕು. ಆಗ ಗ್ಲಾಸಿನ ಮೇಲ್ಭಾಗದಿಂದ ಮೆಟ್ಟಿಲು ಕಾಣುತ್ತದೆ. ಆ ಹೊತ್ತಿಗೆ ದೂರದ್ದೊಂದೇ ನಂಬರಿನ ಚಷ್ಮಾ ಇದ್ದರೆ ಇನ್ನೂ ಒಳ್ಳೆಯದು.

ಬೈಫೋಕಲ್ ಹಳೆಯ ವಸ್ತು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1784ರಲ್ಲಿ ಬರೆದ ಒಂದು ಪತ್ರದಲ್ಲೇ ತನ್ನ ಜೋಡಿ ಚಷ್ಮಾದ ಬಗ್ಗೆ ಖುಷಿಯಿಂದ ಹೇಳಿಕೊಂಡಿದ್ದಾನೆ. ಗೆರೆ ಇಲ್ಲದ ಪ್ರೊಗ್ರೆಸಿವ್ ಗ್ಲಾಸು ಮಾರುಕಟ್ಟೆಗೆ ಬಂದಿದ್ದು 1959ರಲ್ಲಿ, ಫ್ರಾನ್ಸಿನ ಬರ್ನಾರ್ ಮೇತ್ನಾ ಅವರ ಕೈಯಿಂದ. ಅದರಲ್ಲಿ ಮೇಲೆ ದೂರ, ನಡುವೆ ಕಂಪ್ಯೂಟರ್, ಕೆಳಗೆ ಓದು, ಎಲ್ಲ ಒಂದರೊಳಗೊಂದು ಕರಗಿಕೊಂಡಿರುತ್ತದೆ. ಆದರೆ ಎಡ ಬಲ ಅಂಚಿನಲ್ಲಿ ಸ್ವಲ್ಪ ತೇಲಾಡಿದ ಹಾಗೆ ಕಾಣುತ್ತದೆ. ಒಂದೆರಡು ವಾರ ರೂಢಿ ಆಗಬೇಕು. ತರಗತಿಯಲ್ಲಿ ಬೋರ್ಡು, ಪುಸ್ತಕ, ಮಕ್ಕಳ ಮುಖ ಎಲ್ಲ ನೋಡಬೇಕಾದ ಶಿಕ್ಷಕರಿಗೆ ಇದು ಒಳ್ಳೆಯದು ಅಂತ ನನ್ನ ಅನುಭವ. ನೇಕಾರರಿಗೆ ನಾನು ಕೊಡುವುದಿಲ್ಲ. ಬಟ್ಟೆಯ ಪೂರ್ತಿ ಅಗಲಕ್ಕೆ ಕಣ್ಣಾಡಿಸುವವರಿಗೆ ಗ್ಲಾಸಿನ ನಡುವೆ ಚೊಕ್ಕ ಕಾಣುವ ಆ ಕಿರಿದಾದ ದಾರಿ ಸಾಲುವುದಿಲ್ಲ.

ಇನ್ನೊಂದು ಮಾತು. ಚಷ್ಮಾವನ್ನು ಮೂಗಿನ ತುದಿಗೆ ಇಳಿಸಿಕೊಂಡು ಓದುವ ಅಜ್ಜಂದಿರನ್ನು ನೋಡಿದ್ದೀರಿ, ಅಲ್ವಾ? ಗತ್ತು ಅಂದುಕೊಳ್ಳಬೇಡಿ. ಪ್ಲಸ್ ಗ್ಲಾಸು ಕಣ್ಣಿನಿಂದ ದೂರ ಹೋದಷ್ಟೂ ಅದರ ಬಲ ಜಾಸ್ತಿ ಆಗುತ್ತದೆ. ನಂಬರ್ ಸಾಲದೆ ಅವರು ತಮಗೆ ಗೊತ್ತಿಲ್ಲದೆ ಹಾಗೆ ಸರಿ ಮಾಡಿಕೊಳ್ಳುತ್ತಿದ್ದಾರೆ. ಕಣ್ಣು ತೋರಿಸಬೇಕು ಅಂತ ಅರ್ಥ.

ಈಗ ಎಲ್ಲರೂ ನಿಮ್ಮ ಚಷ್ಮಾ ತೆಗೆದು ಕೈಯಲ್ಲಿ ಹಿಡಿಯಿರಿ. ಕಡ್ಡಿಯ ಒಳಬದಿ ನೋಡಿ. ಸಣ್ಣ ಅಕ್ಷರದಲ್ಲಿ ಮೂರು ಸಂಖ್ಯೆ ಇರುತ್ತವೆ. ಓದೋಕೆ ಆಗದಿದ್ದರೆ ಪಕ್ಕದವರಿಗೆ ಕೊಡಿ. 52, ನಂತರ ಪುಟ್ಟ ಚೌಕ, 18, ಆಮೇಲೆ 140 ಅಂತ ಇದ್ದೀತು. ಎಲ್ಲ ಮಿಲಿಮೀಟರ್ ಲೆಕ್ಕ. ಒಂದು ಗ್ಲಾಸಿನ ಅಗಲ 52. ಮೂಗಿನ ಮೇಲಿನ ಸೇತುವೆ 18. ಕಡ್ಡಿಯ ಉದ್ದ 140. ಹಿಂದಿನ ಚಷ್ಮಾ ಹಿತವಾಗಿದ್ದರೆ ಈ ಮೂರನ್ನು ಬರೆದಿಟ್ಟುಕೊಳ್ಳಿ. ಹೊಸದು ಕೊಳ್ಳುವಾಗ ಅರ್ಧ ಕೆಲಸ ಮುಗಿದ ಹಾಗೆ.

ಮೈನಸ್ ನಂಬರ್ ದೊಡ್ಡದಿರುವವರು, ಅಂದರೆ 4, 5, 6 ಇರುವವರು, ಇದನ್ನು ಚೆನ್ನಾಗಿ ಕೇಳಿ. ಮೊದಲ ಎರಡು ಸಂಖ್ಯೆ ಕೂಡಿಸಿ. 52 ಮತ್ತು 18, 70 ಆಯಿತು. ನಿಮ್ಮ ಎರಡು ಕಣ್ಣುಪಾಪೆಗಳ ನಡುವಿನ ಅಂತರ ತಪಾಸಣೆ ಮಾಡಿದವರಿಗೆ ಗೊತ್ತಿರುತ್ತದೆ, ಅದನ್ನು ಪಿಡಿ ಅನ್ನುತ್ತಾರೆ. ಅದು 62 ಅಂದುಕೊಳ್ಳಿ. 8 ಮಿಲಿಮೀಟರ್ ವ್ಯತ್ಯಾಸ. ಆಗ ಗ್ಲಾಸಿನ ನಡುಬಿಂದುವನ್ನು ಎರಡೂ ಕಡೆ ಮೂಗಿನತ್ತ ಸರಿಸಬೇಕಾಗುತ್ತದೆ. ಮೈನಸ್ ಗ್ಲಾಸು ನಡುವೆ ತೆಳು, ಅಂಚಿಗೆ ದಪ್ಪ. ನಡುಬಿಂದು ಒಳಗೆ ಸರಿದಷ್ಟೂ ಹೊರ ಅಂಚು ದಪ್ಪವಾಗುತ್ತದೆ. ಅದೇ 46 ಮತ್ತು 18ರ ಫ್ರೇಮ್ ತಗೊಂಡರೆ 64. ಬಹುತೇಕ ಕಣ್ಣಿನ ನೇರಕ್ಕೇ ಬಂತು. ಅಂಚು ತಾನಾಗಿ ತೆಳ್ಳಗಾಗುತ್ತದೆ. ತೆಳು ಗ್ಲಾಸು ಅಂತ 1.67, 1.74ರ ಗ್ಲಾಸಿಗೆ (ಇದು ಕಣ್ಣಿನ ನಂಬರ್ ಅಲ್ಲ, ಗ್ಲಾಸು ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಅಳತೆ) ಜಾಸ್ತಿ ದುಡ್ಡು ಕೊಡುವ ಮೊದಲು ಸಣ್ಣ ಫ್ರೇಮ್ ಆರಿಸಿ. ದುಡ್ಡು ಉಳಿಯುತ್ತದೆ, ಮೂಗಿನ ಮೇಲಿನ ಭಾರ ಇಳಿಯುತ್ತದೆ, ಕಣ್ಣು ಫ್ರೇಮಿನ ನಡುವೆ ಕೂತು ಚಂದವೂ ಕಾಣುತ್ತದೆ.

ಈ ಮಾತು ನನಗೆ ಬರೀ ವ್ಯಾಪಾರದ ಮಾತಲ್ಲ. ಏಳನೇ ಇಯತ್ತೆಯಲ್ಲಿ ನನಗೆ ಮೊದಲ ಚಷ್ಮಾ ಬಂತು. ಅಂಗಡಿಯವರು "ಬೆಳೆಯೋ ಹುಡುಗಿ, ಸ್ವಲ್ಪ ದೊಡ್ಡದೇ ಇರಲಿ" ಅಂತ ಅಪ್ಪನಿಗೆ ಹೇಳಿ ದೊಡ್ಡ ಫ್ರೇಮ್ ಕೊಟ್ಟರು. ಚಪ್ಪಲಿಯನ್ನು ಹಾಗೆ ಕೊಳ್ಳಬಹುದು, ಚಷ್ಮಾವನ್ನು ಕೊಳ್ಳಬಾರದು. ಬರೆಯೋಕೆ ತಲೆ ಬಗ್ಗಿಸಿದರೆ ವಹಿಯ ಮೇಲೆ ಬೀಳುತ್ತಿತ್ತು. ತೆಗೆದು ಪಾಟೀಚೀಲದಲ್ಲಿ ಇಟ್ಟುಬಿಟ್ಟೆ. ವರ್ಷಪೂರ್ತಿ ಬೋರ್ಡಿನ ಮೇಲಿನ ಗಣಿತ ಪಕ್ಕದ ಹುಡುಗಿಯ ವಹಿಯಿಂದ ಇಳಿಸಿಕೊಂಡೆ. ಚಷ್ಮಾ ಹಾಕಲ್ಲ ಅಂತ ಮನೆಯಲ್ಲಿ ಬೈಸಿಕೊಂಡೆ. ಅದು ಜಾರುತ್ತದೆ ಅಂತ ಹೇಳೋಕೆ ನನಗೆ ಗೊತ್ತಾಗಲಿಲ್ಲ, ಕೇಳೋಕೆ ಅವರಿಗೆ ಗೊತ್ತಾಗಲಿಲ್ಲ. ಮಗು ಚಷ್ಮಾ ಹಾಕುತ್ತಿಲ್ಲ ಅಂದರೆ ಬೈಯುವ ಮೊದಲು ಮೂಗಿನ ಮೇಲೆ, ಕಿವಿಯ ಹಿಂದೆ ಕೆಂಪು ಗುರುತು ಇದೆಯಾ ನೋಡಿ, ದಯವಿಟ್ಟು.

ಇನ್ನು ಮುಖಕ್ಕೆ ಬರೋಣ. ಗುಂಡು ಮುಖಕ್ಕೆ ಚೌಕ ಫ್ರೇಮ್, ಚೌಕ ಮುಖಕ್ಕೆ ಗುಂಡು ಫ್ರೇಮ್ ಅಂತ ಎಲ್ಲ ಕಡೆ ಚಿತ್ರ ಹಾಕಿರುತ್ತಾರೆ. ತಪ್ಪಲ್ಲ. ಆದರೆ ಆ ಚಿತ್ರದಲ್ಲಿದ್ದ ಹಾಗೆ ಮುಖ ಇರುವವರು ನನ್ನ ಅಂಗಡಿಗೆ ಬಂದಿದ್ದು ಬಹಳ ಕಡಿಮೆ. ನಾನು ಮೊದಲು ನೋಡುವುದು ಮೂಗು. ಮೂಗಿನ ಬುಡ ತಗ್ಗಿದ್ದರೆ ಪ್ಲಾಸ್ಟಿಕ್ ಫ್ರೇಮ್ ಕೆನ್ನೆಗೆ ಇಳಿಯುತ್ತದೆ. ಅವರಿಗೆ ಬಗ್ಗಿಸಲು ಬರುವ ಪುಟ್ಟ ಪ್ಯಾಡ್ ಇರುವ ಲೋಹದ ಫ್ರೇಮ್ ಒಳ್ಳೆಯದು. ಮೂಗು ಉದ್ದ ಅನ್ನಿಸಿದರೆ ಸೇತುವೆ ಸ್ವಲ್ಪ ಕೆಳಗೆ ಕೂಡುವ ಫ್ರೇಮ್ ಹಾಕಿ ನೋಡಿ, ಮೂಗು ಮೋಟಾದ ಹಾಗೆ ಕಾಣುತ್ತದೆ. ಆಮೇಲೆ ಅಗಲ. ಫ್ರೇಮ್ ಮುಖದಷ್ಟೇ ಅಗಲ ಇರಬೇಕು. ಕಡ್ಡಿಗಳು ಕಿವಿಗೆ ನೇರ ಹೋಗಬೇಕು, ಹೊರಗೆ ಸಿಡಿಯಬಾರದು. ಹುಬ್ಬನ್ನು ಪೂರ್ತಿ ನುಂಗಬಾರದು. ಹುಬ್ಬಿನಲ್ಲೇ ಅಲ್ವಾ ನಮ್ಮ ಸಿಟ್ಟು, ಸಂತೋಷ ಎಲ್ಲ ಇರುವುದು. ಕಡೆಗೆ, ಕನ್ನಡಿ ಮುಂದೆ ಜೋರಾಗಿ ನಕ್ಕು ನೋಡಿ. ನಕ್ಕಾಗ ಕೆನ್ನೆ ಫ್ರೇಮನ್ನು ಎತ್ತಿದರೆ ಅದು ಬೇಡ.

ಬಣ್ಣದ ಮಾತು ಬಂದಾಗ ನಮ್ಮ ಹೆಣ್ಣುಮಕ್ಕಳಿಗೆ ನಾನು ಹೊಸದಾಗಿ ಏನೂ ಕಲಿಸಬೇಕಿಲ್ಲ. ಸೀರೆಗೆ ದಡಿ ಹೇಗೋ, ಮುಖಕ್ಕೆ ಫ್ರೇಮ್ ಹಾಗೆ. ದಡಿ ಮೈಯನ್ನು ಎತ್ತಿ ತೋರಿಸಬೇಕು, ಮೈಯನ್ನೇ ತಿನ್ನಬಾರದು. ದಾಳಿಂಬೆ ಬಣ್ಣ, ನವಿಲು ಹಸಿರು ನಿಮಗೆ ಒಪ್ಪುತ್ತದೆ ಅಂತ ಎಷ್ಟೋ ವರ್ಷದಿಂದ ಉಟ್ಟು ಗೊತ್ತಿದೆ. ಫ್ರೇಮಿಗೂ ಅದೇ ಕಡು ಬಣ್ಣ ನೋಡಿ. ಎಲ್ಲರಿಗೂ ಕರಿ ಫ್ರೇಮೇ ಬೇಕಿಲ್ಲ. ನಮ್ಮ ಗೋದಿ ಬಣ್ಣಕ್ಕೆ, ಕಪ್ಪು ಮೈಬಣ್ಣಕ್ಕೆ ಕಡು ಕಂದು, ಕಡು ಕೆಂಪು ತುಂಬ ಚಂದ ಕೂಡುತ್ತದೆ.

ಕಿವಿಯನ್ನು ಮರೆಯಬೇಡಿ. ಬುಗುಡಿ ಹಾಕುವ ಹಿರಿಯ ಹೆಣ್ಣುಮಕ್ಕಳಿಗೆ ದಪ್ಪ ಕಡ್ಡಿ ಕೊಟ್ಟರೆ ಬುಗುಡಿಯನ್ನೇ ಒತ್ತುತ್ತದೆ, ಕಿವಿ ಹುಣ್ಣಾಗುತ್ತದೆ. ಸೆರಗು ತಲೆ ಮೇಲೆ ಹೊದೆಯುವವರಿಗೆ, ರುಮಾಲು ಸುತ್ತುವವರಿಗೆ, ದಿನಾ ಹೆಲ್ಮೆಟ್ ಹಾಕುವವರಿಗೆ ತೆಳ್ಳನೆಯ, ಚಪ್ಪಟೆ ಕಡ್ಡಿ ಬೇಕು. ಅಂಗಡಿಗೆ ಬರುವಾಗ ಹೆಲ್ಮೆಟ್ ಒಳಗೇ ತನ್ನಿ. ಹಾಕಿಕೊಂಡೇ ನೋಡಿ.

ಒಂದು ಕಷ್ಟ ಎಲ್ಲರಿಗೂ ಇದೆ. ಫ್ರೇಮ್ ಆರಿಸುವಾಗ ಅದರಲ್ಲಿ ಇರುವುದು ನಂಬರ್ ಇಲ್ಲದ ಸುಮ್ನೆ ಪ್ಲಾಸ್ಟಿಕ್. ನಿಮ್ಮ ಚಷ್ಮಾ ತೆಗೆದು ಅದನ್ನು ಹಾಕಿಕೊಂಡರೆ ಕನ್ನಡಿಯಲ್ಲಿ ನಿಮ್ಮ ಮುಖವೇ ನಿಮಗೆ ಕಾಣುವುದಿಲ್ಲ. ಅದಕ್ಕೇ ಪಕ್ಕದವರು "ಚಲೋ ಐತಿ" ಅಂದದ್ದನ್ನೇ ಒಪ್ಪಿಕೊಂಡು ಬರುತ್ತೀರಿ. ಮೊಬೈಲಿನಲ್ಲಿ ಫೋಟೋ ತೆಗೆಸಿ. ಎದುರಿನಿಂದ ಒಂದು, ಪಕ್ಕದಿಂದ ಒಂದು. ಆಮೇಲೆ ನಿಮ್ಮ ಹಳೆ ಚಷ್ಮಾ ಹಾಕಿಕೊಂಡು ನಿಧಾನಕ್ಕೆ ನೋಡಿ. ನಿಮ್ಮ ಮುಖ, ನೀವೇ ತೀರ್ಮಾನ ಮಾಡಿ.

ನಮ್ಮ ಹವೆಗೂ ಚಷ್ಮಾಕ್ಕೂ ಸಂಬಂಧ ಇದೆ. ವಿಜಯಪುರ, ಬಾಗಲಕೋಟೆಯಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬೆವರು ಇಳಿಯುತ್ತದೆ, ಚಷ್ಮಾ ಜಾರುತ್ತದೆ. ಅಗ್ಗದ ಲೋಹದ ಫ್ರೇಮಿನಲ್ಲಿ ತಾಮ್ರ, ನಿಕ್ಕಲ್ ಇರುತ್ತದೆ. ಬೆವರು ತಾಗಿ ಹಸಿರು ಕಿಲುಬು ಹಿಡಿಯುತ್ತದೆ. ನಿಕ್ಕಲ್ ಆಗಿಬರದವರಿಗೆ ಮೂಗಿನ ಪಕ್ಕ ತುರಿಕೆ, ಕಪ್ಪು ಕಲೆ. ಹಾಗಿದ್ದರೆ ಟೈಟಾನಿಯಂ ಅಥವಾ ಪ್ಲಾಸ್ಟಿಕ್ ಜಾತಿಯದ್ದು ತಗೊಳ್ಳಿ. ಪ್ಲಾಸ್ಟಿಕ್ ಜಾತಿಯಲ್ಲಿ ಎರಡು ಬಗೆ ಹೇಳುತ್ತೇನೆ. ಟಿಆರ್ 90 ಹಗುರ, ಬಾಗಿದರೂ ಮುರಿಯುವುದು ಕಡಿಮೆ. ಆದರೆ ಅದನ್ನು ಬಿಸಿ ಮಾಡಿ ಬೇಕಾದ ಹಾಗೆ ಬಗ್ಗಿಸೋದು ಕಷ್ಟ. ಅಸಿಟೇಟ್ ಸ್ವಲ್ಪ ಭಾರ, ಆದರೆ ಮುಖಕ್ಕೆ ತಕ್ಕ ಹಾಗೆ ಕೂಡಿಸಬಹುದು. ಬೈಕಿನ ಟ್ಯಾಂಕಿನ ಮೇಲೆ, ಕಾರಿನ ಗಾಜಿನ ಹಿಂದೆ ಬಿಸಿಲಿಗೆ ಚಷ್ಮಾ ಇಡಲೇಬೇಡಿ. ಗ್ಲಾಸಿನ ಕೋಟಿಂಗ್ ಸಣ್ಣಗೆ ಸೀಳು ಬಿಡುತ್ತದೆ. ಎರೆಮಣ್ಣಿನ ಧೂಳು ಕೂತ ಗ್ಲಾಸನ್ನು ಒಣ ಸೆರಗಿನಿಂದ ಉಜ್ಜಿದರೆ ಗೀರು ಬಿತ್ತು ಅಂತಲೇ ತಿಳಿಯಿರಿ. ಮೊದಲು ನೀರು ಬಿಡಿ. ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಬೆರಳಿನಿಂದ ತಿಕ್ಕಿ. ಆಮೇಲೆ ಮೆತ್ತನೆ ಬಟ್ಟೆ.

ಹೊಲದಲ್ಲಿ, ದ್ರಾಕ್ಷಿ ತೋಟದಲ್ಲಿ ದುಡಿಯುವವರಿಗೆ ತಂಪು ಚಷ್ಮಾ ಷೋಕಿ ಅಲ್ಲ. ಬಿಸಿಲು, ಧೂಳಿನಲ್ಲಿ ಇರುವವರಿಗೆ ಕಣ್ಣಿನ ಬಿಳಿಭಾಗದಿಂದ ಕರಿಗುಡ್ಡೆಯ ಕಡೆಗೆ ಮಾಂಸದ ಪೊರೆ ಬೆಳೆಯುವುದು ಜಾಸ್ತಿ. ಗ್ಲಾಸಿನ ಮೇಲೆ ಯುವಿ 400 ಅಂತ ಇರಬೇಕು, ಬಿಸಿಲಿನ ಅತಿನೇರಳೆ ಕಿರಣ (ಯುವಿ) ತಡೆಯುತ್ತದೆ ಅನ್ನುವ ಗುರುತು ಅದು. ಬರೀ ಕಪ್ಪಗಿದ್ದರೆ ಸಾಲದು. ಕಪ್ಪು ಗ್ಲಾಸಿನ ಹಿಂದೆ ಪಾಪೆ ಅಗಲವಾಗುತ್ತದೆ, ಯುವಿ ತಡೆಯದ ಗ್ಲಾಸಾದರೆ ಆ ಕಿರಣ ಇನ್ನೂ ಜಾಸ್ತಿ ಒಳಗೆ ಹೋಗುತ್ತದೆ. ಬಿಸಿಲಿಗೆ ತಾನೇ ಕಪ್ಪಾಗುವ ಗ್ಲಾಸು ನಮ್ಮ ಉರಿ ಬೇಸಿಗೆಯಲ್ಲಿ ಪೂರ್ತಿ ಕಪ್ಪಾಗುವುದಿಲ್ಲ, ಕಾರಿನೊಳಗೂ ಅಷ್ಟಕ್ಕಷ್ಟೇ. ಕಲ್ಲು ಕಡಿಯುವವರಿಗೆ, ಗ್ರೈಂಡರ್ ಹಿಡಿಯುವವರಿಗೆ ಪಾಲಿಕಾರ್ಬೊನೇಟ್ ಗ್ಲಾಸಿನ, ಪಕ್ಕ ಮುಚ್ಚಿದ ಚಷ್ಮಾ ಬೇಕೇ ಬೇಕು. ಓದುವ ಚಷ್ಮಾ ಕಲ್ಲಿನ ಚೂರನ್ನು ತಡೆಯುವುದಿಲ್ಲ.

ನೀಲಿ ಬೆಳಕು ತಡೆಯುವ ಗ್ಲಾಸಿನ ಬಗ್ಗೆ ತುಂಬ ಜನ ಕೇಳುತ್ತಾರೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟು ಹಾಕಿ ತೂಗಿ ನೋಡುವ ಕೋಕ್ರೇನ್ ಅನ್ನುವ ಸಂಸ್ಥೆಯ 2023ರ ವಿಮರ್ಶೆ 17 ಪ್ರಯೋಗಗಳನ್ನು ಒಟ್ಟಿಗೆ ನೋಡಿತು. ಪರದೆ ನೋಡಿ ಕಣ್ಣು ದಣಿಯುವುದನ್ನು ಆ ಗ್ಲಾಸು ಕಡಿಮೆ ಮಾಡುತ್ತದೆ ಅನ್ನೋಕೆ ಆಧಾರ ಸಿಗಲಿಲ್ಲ. ಆ ದುಡ್ಡನ್ನು ಪ್ರತಿಫಲನ ತಡೆಯುವ ಕೋಟಿಂಗಿಗೆ ಹಾಕಿ. ಕೋಟಿಂಗ್ ಇಲ್ಲದ ಗ್ಲಾಸು ಬೆಳಕಿನಲ್ಲಿ ನೂರಕ್ಕೆ ಸುಮಾರು 8 ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ರಾತ್ರಿ ಗಾಡಿ ಓಡಿಸುವವರಿಗೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಸಕ್ಕರೆ ಕಾಯಿಲೆ ಇದ್ದವರು ಸಕ್ಕರೆ ಹತೋಟಿಗೆ ಬಂದ ಮೇಲೆಯೇ ನಂಬರ್ ತೆಗೆಸಿ. ಏರಿಳಿತ ಇದ್ದಾಗ ನಂಬರೂ ಏರಿಳಿಯುತ್ತದೆ. ಇನ್ನೊಂದು, ಅರವತ್ತು ದಾಟಿದ ಮೇಲೆ ಇದ್ದಕ್ಕಿದ್ದಂತೆ ಚಾಳೀಸು ಇಲ್ಲದೆ ಪೇಪರ್ ಓದೋಕೆ ಬಂತು ಅಂದರೆ ಹಿಗ್ಗಬೇಡಿ. ಬಹಳ ಸಲ ಅದು ಕಣ್ಣಿನೊಳಗಿನ ಮಸೂರಕ್ಕೆ ಪೊರೆ ಬರುವ ಸೂಚನೆ. ಡಾಕ್ಟರಿಗೆ ತೋರಿಸಿ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಬ್ಬ ತಾಯಿ ಕೇಳಿದರು, "ಮಗಳಿಗೆ ನಂಬರ್ ಐತ್ರಿ. ಈಗಲೇ ಹಾಕಿದ್ರ ಏರ್ತೈತಿ ಅಂತಾರ. ನಾಳೆ ಮದುವಿ ಮಾಡೋ ಹುಡುಗಿ." ಚಷ್ಮಾ ಹಾಕುವುದರಿಂದ ನಂಬರ್ ಏರುವುದಿಲ್ಲ ಅಂತ ಹೇಳಿದೆ. ಮಕ್ಕಳು ಬೆಳೆಯುವಾಗ ಕಣ್ಣುಗುಡ್ಡೆಯೂ ಉದ್ದವಾಗುತ್ತದೆ, ಅದಕ್ಕೆ ಏರುತ್ತದೆ. ದಿನಾ ಎರಡು ತಾಸು ಬಯಲಿನಲ್ಲಿ ಆಡಿದರೆ ಸಮೀಪದೃಷ್ಟಿ, ಅಂದರೆ ದೂರದ್ದು ಮಸುಕಾಗುವ ಮೈನಸ್ ನಂಬರ್, ಬರುವುದು ತಡವಾಗುತ್ತದೆ. ಇನ್ನೂ ನಂಬರ್ ಬರದ ಮಕ್ಕಳಿಗೆ ಅದನ್ನು ಮಾಡಿಸಿ. ಮದುವೆಯ ಮಾತಿಗೆ ನಾನು ಹೇಳಿದ್ದು ಇಷ್ಟೇ. ನಿಮ್ಮ ಮಗಳು ಅಲ್ಲಿಯ ತನಕ ಬಸ್ಸಿನ ಬೋರ್ಡು ಓದಬೇಕು, ಪರೀಕ್ಷೆ ಬರೆಯಬೇಕು, ರಸ್ತೆ ದಾಟಬೇಕು.

ಆ ಹುಡುಗಿ ತಾಯಿಯ ಪಕ್ಕದಲ್ಲೇ ಕೂತಿದ್ದಳು. ಬ್ಯಾಗಿನಿಂದ ಚಷ್ಮಾದ ಡಬ್ಬಿ ತೆಗೆದು ನನ್ನ ಕೈಗೆ ಕೊಟ್ಟಳು. ಮೊದಲೇ ಮಾಡಿಸಿದ್ದರು, ಹಾಕುತ್ತಿರಲಿಲ್ಲ. "ಇಳೀತೈತ್ರಿ ಅಕ್ಕಾ" ಅಂದಳು. ಹಾಕಿಸಿ ನೋಡಿದೆ. ಕಡ್ಡಿ ಬಾಗುವ ಜಾಗ ಕಿವಿಯಿಂದ ಒಂದು ಬೆರಳಿನಷ್ಟು ಹಿಂದಿತ್ತು. ಚಹಾ ಮಾಡುವವರ ಹತ್ತಿರ ಒಂದು ಲೋಟ ಬಿಸಿನೀರು ಇಸಿದುಕೊಂಡೆ. ಕಡ್ಡಿಯ ತುದಿ ಅದ್ದಿ, ಮೆತ್ತಗಾದ ಮೇಲೆ ನೆಟ್ಟಗೆ ಮಾಡಿ, ಕಿವಿಯ ಹಿಂದೆ ಬರುವ ಹಾಗೆ ಮುಂದಕ್ಕೆ ಬಗ್ಗಿಸಿದೆ. ಎರಡು ಸಲ ತಿದ್ದಬೇಕಾಯಿತು. ಹಾಕಿಕೊಂಡು ತಲೆ ಬಗ್ಗಿಸಿದಳು, ಅಲ್ಲಾಡಿಸಿದಳು. ಜಾರಲಿಲ್ಲ. ಗೋಡೆಯ ಮೇಲಿದ್ದ ಕ್ಯಾಲೆಂಡರಿನ ಸಣ್ಣ ಅಕ್ಷರವನ್ನು ಕೂತಲ್ಲಿಂದಲೇ ತಾಯಿಗೆ ಓದಿ ಹೇಳತೊಡಗಿದಳು.